ನಿಧಾನವಾಗಿ ಒತ್ತಿದ ಸಂಖ್ಯೆ

"ಗುರುಗಳೇ, ತಪ್ಪನ್ನು ತಿದ್ದಿದ ಮೇಲೂ ಮನಸ್ಸಿಗೆ ಸಮಾಧಾನವಾಗುವುದಿಲ್ಲವಲ್ಲ, ಏಕೆ?" ಎಂದು ಶಿಷ್ಯ ಕೇಳಿದ. ಅವನು ಗುರುವಿನ ಬಳಿ ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದ.

ಗುರು ಹೇಳಿದರು:

ಒಂದು ಬೀಜ ಭಂಡಾರವಿತ್ತು. ಊರೂರಿನ ನಾಟಿ ಬೀಜಗಳನ್ನು ಡಬ್ಬಿಗಳಲ್ಲಿ ಕಾಪಾಡುವುದು ಅಲ್ಲಿಯ ಕೆಲಸ. ನೀಲವ್ವ ಎಂಬ ಹೆಣ್ಣುಮಗಳು ಮೂವತ್ತು ವರ್ಷದಿಂದ ಅದನ್ನು ನೋಡಿಕೊಂಡು ಬಂದಿದ್ದಳು. ನಾಲ್ಕು ಕಾಳನ್ನು ಬೆರಳ ನಡುವೆ ತಿಕ್ಕಿ ನೋಡಿ, ಇದು ಮೊಳೆಯುತ್ತದೆ, ಇದು ಮೊಳೆಯುವುದಿಲ್ಲ ಎಂದು ಹೇಳಿಬಿಡುತ್ತಿದ್ದಳು. ಆ ಮಾತು ಸುಳ್ಳಾದದ್ದು ಯಾರಿಗೂ ನೆನಪಿಲ್ಲ. ಆಕೆ ಓದಿದ್ದು ನಾಲ್ಕನೇ ಇಯತ್ತೆ. ನೆಚ್ಚಿಕೊಂಡಿದ್ದು ಆ ಬೆರಳುಗಳನ್ನೇ.

ಭಂಡಾರಕ್ಕೆ ಕಂಪ್ಯೂಟರ್ ಬಂತು. ಡಬ್ಬಿಗಳಿಗೆ ಬಾರ್‌ಕೋಡ್ ಚೀಟಿ ಅಂಟಿಸಿದರು. ಒಬ್ಬ ಪ್ರೋಗ್ರಾಮರ್ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಪುಟ ಬರೆದುಕೊಟ್ಟ. ಚೀಟಿಗೆ ಸ್ಕ್ಯಾನರ್ ಹಿಡಿದರೆ ಡಬ್ಬಿಯ ಸಂಖ್ಯೆ ತಾನಾಗಿ ಪುಟದಲ್ಲಿ ಬೀಳಬೇಕು.

ಸ್ಕ್ಯಾನರ್ ಎಂಬುದು ಕಂಪ್ಯೂಟರಿನ ಪಾಲಿಗೆ ಇನ್ನೊಂದು ಕೀಬೋರ್ಡ್, ಅಷ್ಟೇ. ಅಂಕಿಗಳನ್ನು ಒಂದರ ಹಿಂದೊಂದು ಒತ್ತಿ, ಕೊನೆಗೆ ಎಂಟರ್ ಒತ್ತುತ್ತದೆ. ಒತ್ತಿದ್ದು ಯಂತ್ರವೋ ಮನುಷ್ಯನೋ ಪುಟಕ್ಕೆ ತಿಳಿಯುವುದಿಲ್ಲ. ಯಾರದೋ ಮೊಣಕೈ ಕೀಬೋರ್ಡಿಗೆ ತಾಗಿದರೂ ಸಂಖ್ಯೆ ಕೆಡುತ್ತಿತ್ತು. ಪ್ರೋಗ್ರಾಮರ್ ಯೋಚಿಸಿದ. ಯಂತ್ರದ ವೇಗ ಮನುಷ್ಯನಿಗಿಲ್ಲ. ಒಂದು ಅಂಕಿ ಬಂದ ಐವತ್ತು ಮಿಲಿಸೆಕೆಂಡಿನೊಳಗೆ, ಅಂದರೆ ರೆಪ್ಪೆ ಬಡಿಯುವುದರೊಳಗೆ, ಮುಂದಿನದು ಬರದಿದ್ದರೆ ಬಂದಷ್ಟನ್ನೂ ಅಳಿಸು ಎಂದು ಬರೆದ. ಏಕೆ ಅಳಿಸಿದೆ ಎಂದು ತಿಳಿಸುವ ಒಂದು ಸಾಲನ್ನೂ ಹಾಕಲಿಲ್ಲ. ನಮ್ಮ ಕಸುಬಿನವರಿಗೆ ಮಾತು ಉಳಿಸುವ ಚಟ. ಹೊಸ ಚೀಟಿಗಳ ಮೇಲೆ ಪರೀಕ್ಷಿಸಿದ. ಒಂದೂ ತಪ್ಪಲಿಲ್ಲ. ಎಲ್ಲರೂ ಬೆನ್ನು ತಟ್ಟಿದರು.

ಎರಡು ವರ್ಷ ಕಳೆಯಿತು. ಕೈ ತಾಗಿ ತಾಗಿ ಕೆಲವು ಚೀಟಿಗಳ ಗೆರೆ ಮಾಸಿದವು. ಸ್ಕ್ಯಾನರ್ ಓದಲಿಲ್ಲ. ಗೆರೆಯ ಕೆಳಗಿನ ಸಂಖ್ಯೆ ಮಾತ್ರ ಕಾಣುತ್ತಿತ್ತು. ನೀಲವ್ವ ಅದನ್ನು ನೋಡಿಕೊಂಡು ಒಂದೇ ಬೆರಳಲ್ಲಿ ಒತ್ತಿದಳು. ಅಂಕಿ ಮೂಡಿ ಮಾಯವಾಯಿತು. ಮತ್ತೆ ಒತ್ತಿದಳು, ಮತ್ತೆ ಮಾಯ. ಮಧ್ಯಾಹ್ನದವರೆಗೂ ಇದೇ ಆಯಿತು. ಕೊನೆಗೆ ಪ್ರೋಗ್ರಾಮರ್‌ಗೆ ಫೋನ್ ಮಾಡಿದಳು.

"ಸಾಹೇಬ್ರ, ನಂಬರ್ ಹೊಡದ್ರ ನಿಲ್ಲವಲ್ದ್ರಿ. ಒತ್ತಿದಂಗ ಒತ್ತಿದಂಗ ಮಾಯ ಆಗಾಕತ್ತೈತಿ."

"ಪುಟ ಸರಿಯಾಗಿಯೇ ಇದೆ ಅಮ್ಮ. ನೀವೇ ಎಲ್ಲೋ ತಪ್ಪು ಒತ್ತುತ್ತಿದ್ದೀರಿ. ಅವಸರ ಮಾಡಬೇಡಿ. ನಿಧಾನವಾಗಿ ಒತ್ತಿ."

ನಿಧಾನವಾಗಿ ಎಂದ! ನಿಧಾನವಾಗಿ ಬಂದದ್ದನ್ನು ಅಳಿಸು ಎಂದು ಬರೆದವನೇ ಅವನು. ಆ ಹೊತ್ತಿನಲ್ಲಿ ಅದು ಅವನಿಗೆ ನೆನಪೇ ಇರಲಿಲ್ಲ. ಆ ಮಾತನ್ನು ನಾನು ಈಗಲೂ ಮರೆತಿಲ್ಲ.

ಅವನು ಹೇಳಿದ ಹಾಗೇ ನೀಲವ್ವ ಮಾಡಿದಳು. ಒಂದೊಂದು ಅಂಕಿಯನ್ನೂ ಬಾಯಲ್ಲಿ ಹೇಳಿಕೊಂಡು ಇನ್ನೂ ನಿಧಾನವಾಗಿ ಒತ್ತಿದಳು. ಒಂದೂ ನಿಲ್ಲಲಿಲ್ಲ. ಇನ್ನೊಬ್ಬರಿಗೆ ಹೇಳಲು ನಾಚಿಕೆಯಾಯಿತು. ಒಂದು ತಿಂಗಳು ಒಬ್ಬಳೇ ಒದ್ದಾಡಿದಳು. ಆಮೇಲೆ ಕಾಳು ತಿಕ್ಕಿ ನೋಡುವಾಗಲೂ ಅನುಮಾನ ಬರತೊಡಗಿತು. ಹತ್ತು ಅಂಕಿ ಒತ್ತಲಾಗದ ಬೆರಳಿಗೆ ಕಾಳಿನ ಜೀವ ಏನು ತಿಳಿದೀತು ಎಂದುಕೊಂಡಳು. ಕೆಲಸ ಬಿಟ್ಟು ಮನೆಗೆ ಹೋದಳು.

ಕೆಲವು ತಿಂಗಳಾದ ಮೇಲೆ ಬೇರೇನೋ ಕೆಲಸಕ್ಕೆಂದು ಪ್ರೋಗ್ರಾಮರ್ ಭಂಡಾರಕ್ಕೆ ಬಂದ. ಚೀಟಿ ಮಾಸಿದ ಡಬ್ಬಿಯೊಂದು ಕೈಗೆ ಸಿಕ್ಕಿತು. ಅದರ ಸಂಖ್ಯೆಯನ್ನು ತಾನೇ ಒತ್ತಿದ. ಅಂಕಿ ಮೂಡಿ ಮಾಯವಾಯಿತು. ತಾನು ಬರೆದ ಐವತ್ತು ಮಿಲಿಸೆಕೆಂಡಿನ ಸಾಲು ಆಗ ನೆನಪಾಯಿತು. ತಿದ್ದುವುದಕ್ಕೆ ಬೇಕಾದದ್ದು ಎರಡೇ ಸಾಲು. ನಿಂತಲ್ಲೇ ತಿದ್ದಿದ. ಒಂದು ಹಿಡಿ ಜೋಳ ತೆಗೆದುಕೊಂಡು ನೀಲವ್ವನ ಮನೆಗೆ ಓಡಿದ.

"ಅಮ್ಮ, ತಪ್ಪು ನನ್ನ ಪುಟದ್ದು. ನಿಮ್ಮ ಬೆರಳು ಸರಿಯಾಗಿಯೇ ಇದ್ದವು. ವಾಪಸ್ ಬನ್ನಿ. ಈ ಕಾಳು ಮೊಳೆಯುತ್ತದೋ ಇಲ್ಲವೋ, ನೋಡಿ ಹೇಳಿ."

ನೀಲವ್ವ ನಕ್ಕಳು. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನಗ ಬ್ಯಾಸರ ಆಗಬಾರದಂತ ಹೇಳ್ತೀರಿ, ಗೊತ್ತಾಗ್ತೈತ್ರಿ. ಇರ್ಲಿ ಬಿಡ್ರಿ. ವಯಸ್ಸಾತು, ಬೆರಳು ಮೊದಲಿನಂಗಿಲ್ಲ. ನೀವು ಅವತ್ತ ಹೇಳಿದ್ದ ಖರೆ."

ಅವನು ಎಷ್ಟು ಬಗೆಯಲ್ಲಿ ಹೇಳಿದರೂ ಆಕೆ ಕಾಳು ಮುಟ್ಟಲಿಲ್ಲ. ಚಹಾ ಕುಡಿಸಿ ಕಳಿಸಿದಳು. ಆಮೇಲೂ ಅವನು ನಾಲ್ಕಾರು ಸಲ ಹೋದ. ಪ್ರತಿ ಸಲವೂ ಚಹಾ ಸಿಕ್ಕಿತು.

ಗುರು ಕಥೆಯನ್ನು ಇಲ್ಲಿಗೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಕೊನೆಗಾದರೂ ಆಕೆ ಅವನನ್ನು ಕ್ಷಮಿಸಿದಳೇ?"

"ಕ್ಷಮಿಸಬೇಕಾದರೆ, ತಪ್ಪು ಅವನದೆಂದು ಆಕೆ ನಂಬಬೇಕಿತ್ತು" ಎಂದರು ಗುರು.