ಬೊಮ್ಮಕ್ಕ ತಮ್ಮನನ್ನು ಬಿಡಿಸಿಕೊಂಡದ್ದು

"ಕೇಳಿರಪ್ಪಾ ಕೇಳಿ! ಮತ್ತೆ ಮತ್ತೆ ಕದ್ದು ಸಿಕ್ಕ ಹುಡುಗರನ್ನು ಮೀಸೆ ಬೆಳ್ಳಗಾಗುವವರೆಗೂ ಗಡದ ಸೆರೆಯಲ್ಲಿ ಕೂಡಿಡುವುದು ಸರಿಯೆಂದು ಅರ್ಧ ಊರು, ತಪ್ಪೆಂದು ಅರ್ಧ ಊರು. ದೊರೆಗಳು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರ ಮಾತಿನಂತೆ ಕಟ್ಟಳೆ ನಡೆಯುತ್ತದೆ. ತಪ್ಪಿದವರಿಗೆ ತಲೆದಂಡ!"

ಹಿರೇಗಡದ ಬೀದಿಯಲ್ಲಿ ಡಂಗುರ ಸಾರಿದಾಗ ಬೊಮ್ಮಕ್ಕ ಸುಣ್ಣದ ಗೂಡಿಗೆ ಬೆಂಕಿ ಹಾಕುತ್ತಿದ್ದಳು. ತಾಯಿ ಸತ್ತ ಮೇಲೆ ಅವಳೇ ಸಾಕಿದ ತಮ್ಮ ಕೆಂಚ ಆ ಗಡದಲ್ಲಿದ್ದ. ಎರಡು ಸಲ ಅಕ್ಕಿ ಕದ್ದಿದ್ದ. ಮೂರನೆಯ ಸಲ ಎಣ್ಣೆ ಮಾರುವ ನಿಂಗಜ್ಜಿಯನ್ನು ದೂಡಿ ಕೈ ಮುರಿದಿದ್ದ. ಅಂದೇ ಅವನನ್ನು ಎಳೆದೊಯ್ದು ಕೂಡಿದ್ದರು. ಗಡದ ಕಡೆಯಿಂದ ಗಾಳಿ ಬೀಸಿದರೆ ಅವನ ಕೆಮ್ಮು ಕೇಳಿಸೀತೇನೋ ಎಂದು ಬೊಮ್ಮಕ್ಕ ಕಿವಿಗೊಟ್ಟು ನಿಲ್ಲುವಳು. ಡಂಗುರ ಮುಗಿಯುವ ಮೊದಲೇ ಅರಮನೆಯ ಹಾದಿ ಹಿಡಿದಳು.

ತುಂಬಿದ ಸಭೆಯಲ್ಲಿ ದೊರೆ ಹೇಳಿದ: "ಕಾಲಿಲ್ಲ, ಕದ ತೆರೆಯಬೇಕಿಲ್ಲ, ಕಲ್ಲುಗೋಡೆ ದಾಟಿ ತನ್ನ ಮನೆಗೆ ಹೋಗಿಬರುತ್ತದೆ. ಏನದು? ಕಳವಾದ ಮೇಲೆ ಕದ್ದವನ ಬಳಿಯೂ ಇಲ್ಲ, ಕಳೆದುಕೊಂಡವರ ಬಳಿಯೂ ಇಲ್ಲ. ಏನದು? ಒಂದು ಬೀಗ ಹಾಕಿದರೆ ಇಬ್ಬರು ಸೆರೆಯಾಗುತ್ತಾರೆ. ಒಬ್ಬ ಒಳಗಿನವನು, ಇನ್ನೊಬ್ಬರು ಯಾರು?"

ನೆರೆರಾಜ್ಯದ ರಾಜಕುಮಾರ ಎದ್ದ. "ಮೊದಲನೆಯದು ಗಾಳಿ."

"ಗಾಳಿಗೆ ಮನೆಯೆಲ್ಲಿದೆ?" ಎಂದ ದೊರೆ. ಭಟರು ಅವನ ರಟ್ಟೆ ಹಿಡಿದರು.

ದಳವಾಯಿ ನಕ್ಕ. "ಎರಡನೆಯದು ಕದ್ದ ಮಾಲು. ಮೂರನೆಯವನಿಗೆ ಮಾರಿರುತ್ತಾನೆ."

"ಹಾಗಾದರೆ ಅದು ಮೂರನೆಯವನ ಬಳಿ ಇದ್ದೇ ಇದೆಯಲ್ಲ!" ಅವನನ್ನೂ ಎಳೆದೊಯ್ದರು. ಆಮೇಲೆ ಯಾರೂ ಏಳಲಿಲ್ಲ. ಸುಣ್ಣ ಮೆತ್ತಿದ ಸೀರೆಯಲ್ಲೇ ಬೊಮ್ಮಕ್ಕ ಮುಂದೆ ಬಂದಳು.

"ಗೋಡೆ ದಾಟುವುದು ಮನಸ್ಸು, ಸ್ವಾಮಿ. ನನ್ನ ತಮ್ಮನ ಮನಸ್ಸು ನಮ್ಮ ಒಲೆಯ ಹತ್ತಿರವೇ ಇರುತ್ತದೆ, ನನಗೆ ಗೊತ್ತು. ಇಬ್ಬರ ಬಳಿಯೂ ಇಲ್ಲದ್ದು ನಿದ್ದೆ. ನಿಂಗಜ್ಜಿ ಕೈನೋವಿಗೆ, ಹೆದರಿಕೆಗೆ ಕಣ್ಣು ಮುಚ್ಚುವುದಿಲ್ಲ. ಕೆಂಚನೂ ಕದ್ದು ಬಂದಾಗಲೆಲ್ಲ ಗೋಡೆಗೊರಗಿ ಕೂತೇ ಇರುತ್ತಿದ್ದ." ಅವಳ ದನಿ ಇಳಿಯಿತು. "ಮೂರನೆಯದು... ನಾನು."

ಸಭೆ ಗುಜುಗುಜು ಎಂದಿತು. ದೊರೆ ಹುಬ್ಬು ಗಂಟಿಕ್ಕಿದ. "ಮೊದಲೆರಡು ಸರಿ. ಮೂರನೆಯದಕ್ಕೆ ನನ್ನ ಉತ್ತರ 'ಕಾಯುವವರು'. ಕಾವಲುಗಾರನನ್ನು ನೆನೆದು ಕಟ್ಟಿದ ಒಗಟು ಅದು."

"ದಾರಿ ಕಾಯುವವರೂ ಕಾಯುವವರೇ ಅಲ್ಲವೇ, ಸ್ವಾಮಿ?"

ದೊರೆಯ ಹುಬ್ಬಿನ ಗಂಟು ಸಡಿಲವಾಯಿತು. "ಒಪ್ಪಿದೆ. ಆದರೆ ಬಿಟ್ಟರೆ ಅವನು ಮತ್ತೆ ಕದ್ದಾನಲ್ಲ?"

"ಕದಿಯಲಾರನೆಂದು ಹೇಗೆ ಆಣೆ ಇಡಲಿ? ಕಾವಲು ಜೊತೆಗಿರಲಿ. ಅಜ್ಜಿ ಒಪ್ಪಿದರೆ, ಕೈ ಕೂಡುವ ತನಕ ಅವಳ ಎಣ್ಣೆಕೊಡ ಅವನು ಹೊರಲಿ. ಸಂಜೆಗೆ ಮನೆಗೆ ಬರಲಿ. ನನಗೆ ಬೇರೇನೂ ಬೇಡ. ಒಗಟು ತಪ್ಪಿದ ಆ ಇಬ್ಬರ ತಲೆಯನ್ನೂ ಉಳಿಸಿ."

ದೊರೆ ಸಭೆಯಲ್ಲಿ ಕೂತಿದ್ದ ನಿಂಗಜ್ಜಿಯ ಕಡೆ ತಿರುಗಿದ. ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಮುದುಕಿ ಎಂದಳು: "ಬರಲಿ. ಆದರೆ ಬೊಮ್ಮಕ್ಕಾ, ಮೊದಮೊದಲು ನೀನೂ ಜೊತೆಗಿರವ್ವ. ನನಗವನ ಭಯ."

"ಇರ್ತೀನಜ್ಜಿ."

ಕಟ್ಟಳೆ ಹಾಗೆಯೇ ಆಯಿತು, ಕೆಂಚನಿಗಷ್ಟೇ ಅಲ್ಲ, ಗಡದ ಹುಡುಗರಿಗೆಲ್ಲ. ರಾಜಕುಮಾರನ, ದಳವಾಯಿಯ ತಲೆಯೂ ಉಳಿಯಿತು. ಅಂದೇ ಬಾಗಿಲು ತೆರೆಯಿತು. ಕೆಂಚ ಅವಳಿಗಿಂತ ಎತ್ತರದ ಹುಡುಗ. ಹೊಸ್ತಿಲವರೆಗೆ ಬಂದು, ಯಾರಾದರೂ ಅಪ್ಪಣೆ ಕೊಡಲೆಂದು ತಲೆ ತಗ್ಗಿಸಿ ನಿಂತುಬಿಟ್ಟ.

"ಬಾರೋ," ಎಂದಳು ಬೊಮ್ಮಕ್ಕ.