ನೂಲಿಲ್ಲದ ಹಗ್ಗ

"ಕೇಳಿರಿ, ಮಣಿಗಿರಿಯ ಪ್ರಜೆಗಳೇ! ಧರ್ಮಾಧಿಕಾರಿಗಳು ತೀರಿಹೋಗಿ ನ್ಯಾಯಪೀಠ ಬರಿದಾಗಿದೆ. ಅರಸ ದೇವಮಲ್ಲರು ಕೇಳುವ ಮೂರು ಒಗಟು ಬಿಡಿಸಿದವರಿಗೆ ಆ ಪೀಠ. ತಪ್ಪಿದವರ ತಲೆ ಅಂದೇ ಸಂಜೆ ಉರುಳುವುದು. ಪೀಠ ತುಂಬುವವರೆಗೆ ವಿಚಾರಣೆ ಇಲ್ಲ, ದೂರು ಕೊಟ್ಟವನ ಮಾತೇ ತೀರ್ಪು!"

ಡಂಗುರದವನು ಹೀಗೆ ಸಾರುತ್ತ ನ್ಯಾಯಶಾಲೆಯ ಮುಂದೆ ಹಾದುಹೋದ. ದೂರದ ನಾಡುಗಳ ಶ್ರೀಮಂತರ ಮಕ್ಕಳು ಕಾನೂನು ಕಲಿಯಲು ಬರುತ್ತಿದ್ದ ಹೆಸರಾಂತ ಶಾಲೆ ಅದು. ಅಲ್ಲಿ ಎರಡನೆಯ ವರ್ಷ ಓದುತ್ತಿದ್ದ ಚೌಡ ಮೇದರವನು. ತಾಯಿ ತಂದೆ ಇಲ್ಲದ ಅವನನ್ನು ಅಕ್ಕ ಬೊಮ್ಮಕ್ಕ ಬುಟ್ಟಿ ಹೆಣೆದು ಓದಿಸುತ್ತಿದ್ದಳು. ಆ ಬೊಮ್ಮಕ್ಕ ಈಗ ಸೆರೆಮನೆಯಲ್ಲಿದ್ದಳು. ಅರಮನೆಯ ಕಣಜ ಸುಟ್ಟುಹೋಗಿತ್ತು. ಬುಟ್ಟಿ ಕೊಡಲು ಬಂದ ಅವಳೇ ಬೆಂಕಿ ಇಟ್ಟಳೆಂದು ಕಣಜದ ಕಾವಲುಗಾರ ದೂರು ಕೊಟ್ಟಿದ್ದ. ಡಂಗುರದ ಪ್ರಕಾರ ಆ ದೂರೇ ತೀರ್ಪು. ಸಂಜೆಗೆ ಅವಳಿಗೆ ಮರಣದಂಡನೆ.

ಚೌಡ ಮಂತ್ರಿಯ ಮನೆಗೆ ಓಡಿದ, ಸೇನಾಪತಿಯ ಕಾಲಿಗೆ ಬಿದ್ದ. "ಅವಳ ಮಾತನ್ನೂ ಒಮ್ಮೆ ಕೇಳಿ" ಎಂದು ಅಂಗಲಾಚಿದ. ಯಾರೂ ನಿಂತು ಕೇಳಲಿಲ್ಲ. ಕೊನೆಗೆ ಗುರು ನಾಗಶರ್ಮರ ಮುಂದೆ ನಿಂತ.

"ಗುರುಗಳೇ, ನಾನು ಒಗಟಿಗೆ ಹೋಗ್ತೀನಿ."

"ಹುಚ್ಚಾ ನಿನಗೆ? ಸೂತ್ರಗಳೇ ಇನ್ನೂ ಬಾಯಿಗೆ ಬಂದಿಲ್ಲ. ಓದು ಮುಗಿಸು ಮೊದಲು."

"ಓದು ಮುಗಿಯೋ ಹೊತ್ತಿಗೆ ಅಕ್ಕ ಇರೋದಿಲ್ಲ."

ಗುರುಗಳು ಓಲೆಗರಿ ಕಟ್ಟಿಟ್ಟು ಎದ್ದರು. ಅವನ ಹಿಂದೆಯೇ ಹೊರಟರು.

ಸಭೆಯಲ್ಲಿ ಆಗಲೇ ಶಾಲೆಯ ಮೊದಲನೆಯ ಜಾಣ ವಾಗೀಶ ನಿಂತಿದ್ದ. ಅರಸ ಕೇಳಿದ: "ನನ್ನ ಬಳಿ ಎರಡಿವೆ. ಎರಡನ್ನೂ ಒಬ್ಬನಿಗೇ ಕೊಟ್ಟರೆ ಊರು ಹಾಳು. ಇಬ್ಬರಿಗೆ ಒಂದೊಂದು ಕೊಟ್ಟರೆ ಊರು ಉಳಿಯುತ್ತದೆ. ಕೊಟ್ಟ ಮೇಲೂ ಎರಡೂ ನನ್ನಲ್ಲೇ ಇರುತ್ತವೆ. ಯಾವುವು?"

"ಕಣ್ಣುಗಳು, ಪ್ರಭು."

"ತಪ್ಪು." ಭಟರು ಅವನ ತೋಳು ಹಿಡಿದರು. ಮುಂದೆ ಬಂದವನು ಮಂತ್ರಿಯ ಮಗ ಕೀರ್ತಿಧರ. "ತಕ್ಕಡಿಯ ತಟ್ಟೆಗಳು" ಎಂದ. "ತಟ್ಟೆ ಕೊಟ್ಟ ಮೇಲೆ ನನ್ನಲ್ಲಿ ಉಳಿಯುವುದೇನು?" ಎಂದ ಅರಸ. ಅವನನ್ನೂ ಎಳೆದೊಯ್ದರು. ಮಂತ್ರಿ ಮುಖ ಮುಚ್ಚಿಕೊಂಡ.

ಅದೇ ಒಗಟಿಗೆ ಚೌಡ ಮುಂದೆ ಬಂದ. ಕಲಿತ ಒಂದು ಸೂತ್ರವೂ ನೆನಪಾಗಲಿಲ್ಲ. ನೆನಪಾದದ್ದು ಬೆಳಗಿನಿಂದ ತಟ್ಟಿದ ಬಾಗಿಲುಗಳು, ಯಾರೂ ತನ್ನ ಮಾತಿಗೆ ಕಿವಿ ಕೊಡದೆ ಹೋದದ್ದು.

"ಕಿವಿಗಳು, ಪ್ರಭು," ಎಂದ. "ದೂರು ಕೊಟ್ಟವನಿಗೆ ಒಂದು, ದೂರಿಗೆ ಗುರಿಯಾದವನಿಗೆ ಒಂದು."

ಅರಸ ನೆಟ್ಟಗೆ ಕೂತ. "ಬಡವನಿಗೂ ಒಂದೇ, ಅರಸನಿಗೂ ಒಂದೇ. ನಾನು ಅದನ್ನು ತೆಗೆಯಬಲ್ಲೆ, ತೆಗೆದದ್ದನ್ನು ಮರಳಿ ಕೊಡಲಾರೆ. ಯಾವುದು?"

ಅಂಗಳದಲ್ಲಿ ಕತ್ತಿ ಮಸೆಯುವ ಸದ್ದು ಕೇಳುತ್ತಿತ್ತು. "ಪ್ರಾಣ" ಎಂದ ಚೌಡ, ಅಳು ತಡೆಯುತ್ತ.

"ಕೊನೆಯದು. ನೂಲಿಲ್ಲದ ಹಗ್ಗವೊಂದಿದೆ. ಹೊಸೆದವನು ನಾನು. ಊರನ್ನೆಲ್ಲ ಅದು ಕಟ್ಟಿ ಹಿಡಿಯುತ್ತದೆ. ಒಬ್ಬನನ್ನು ಕಟ್ಟದೆ ಬಿಟ್ಟರೆ ಮಾತ್ರ ಇಡೀ ಹಗ್ಗವೇ ಹುರಿ ಬಿಚ್ಚಿಹೋಗುತ್ತದೆ. ಹಗ್ಗ ಯಾವುದು, ಆ ಒಬ್ಬ ಯಾರು?"

ಚೌಡನಿಗೆ ಉತ್ತರ ತಕ್ಷಣ ಹೊಳೆಯಿತು. ಹೇಳಿದರೆ ರಾಜದ್ರೋಹ, ಹೇಳದಿದ್ದರೂ ಸಾವು. ಗುರುಗಳು ಬೇಡವೆಂಬಂತೆ ತಲೆಯಾಡಿಸಿದರು.

"ಹಗ್ಗ ಕಟ್ಟಳೆ, ಪ್ರಭು. ಆ ಒಬ್ಬ... ನೀವು."

ಅರಸ ಮುಂದಕ್ಕೆ ಬಾಗಿದ. "ಹಾಗಾದರೆ ನಾನು ಡಂಗುರ ಸಾರಿಸಿದ್ದು?"

"ತಪ್ಪು, ಪ್ರಭು. ಒಗಟು ಬಿಡಿಸದವನ ತಲೆ ತೆಗೆಯಿರಿ ಅಂತ ಯಾವ ಕಟ್ಟಳೆಯಲ್ಲೂ ಇಲ್ಲ. ಒಬ್ಬನ ದೂರನ್ನೇ ತೀರ್ಪು ಮಾಡಿ ಅಂತಲೂ ಇಲ್ಲ. ಈಗ ನನ್ನ ತಲೆ ತೆಗೆಯಿರಿ, ಆದರೆ ಮೊದಲು ನನ್ನ ಅಕ್ಕನ ಮಾತು ಕೇಳಿ."

ಅರಸ ಎದ್ದು ನಿಂತ. "ಮೂರನೆಯ ಉತ್ತರ ಇಲ್ಲಿ ಅನೇಕರಿಗೆ ಗೊತ್ತಿತ್ತು. ನನ್ನ ಮುಖಕ್ಕೆ ಹೇಳುವವನು ಬೇಕಾಗಿತ್ತು. ಆ ಹುಡುಗರನ್ನು ಬಿಡಿ. ಪೀಠ ನಿನ್ನದು, ನಿನ್ನ ಅಕ್ಕನನ್ನು ನೀನೇ ವಿಚಾರಿಸು."

"ಒಡಹುಟ್ಟಿದವಳನ್ನು ನಾನು ವಿಚಾರಿಸೋ ಹಾಗಿಲ್ಲ, ಪ್ರಭು. ಪೀಠಕ್ಕೆ ನನ್ನ ಗುರುಗಳಿರಲಿ. ಅವಳ ಪರವಾಗಿ ಮಾತಾಡಲು ನನಗೆ ಅಪ್ಪಣೆ ಕೊಡಿ."

ನಾಗಶರ್ಮರು ಪೀಠದಲ್ಲಿ ಕೂತರು. ಬೊಮ್ಮಕ್ಕನನ್ನೂ ಕಣಜದ ಕಾವಲುಗಾರನನ್ನೂ ಕರೆತಂದರು. ಚೌಡ ಕಾವಲುಗಾರನನ್ನು ಕೇಳಿದ: "ಬೆಂಕಿ ಬಿದ್ದಾಗ ನೀವೆಲ್ಲಿದ್ರಿ?"

"ಕಣಜದ ಒಳಗೇ."

"ಬಾಗಿಲು?"

"ಒಳಗಿಂದ ಅಗಣಿ ಹಾಕಿದ್ದೆ. ನನ್ನ ಕಾವಲಲ್ಲಿ ಇಲಿಯೂ ಒಳಗೆ ಬರೋದಿಲ್ಲ."

"ಹಾಗಾದರೆ ನನ್ನ ಅಕ್ಕ ಹೇಗೆ ಬಂದಳು?"

ಕಾವಲುಗಾರ ಪೀಠದ ಮುಂದೆ ಮಂಡಿಯೂರಿದ. ದೀಪ ಹಚ್ಚಿಟ್ಟು ತೂಕಡಿಸಿದೆ, ಅದು ಉರುಳಿತು, ಹೆದರಿ ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡ.

ಬೊಮ್ಮಕ್ಕನ ಬೇಡಿ ಬಿಚ್ಚಿದರು. ದೂರಿಗೆ ಗುರಿಯಾದ ಯಾರ ಪರವಾಗಿಯಾದರೂ ಸಭೆಯಲ್ಲಿ ಮಾತಾಡುವ ಹಕ್ಕನ್ನು ಅರಸ ಚೌಡನಿಗೆ ಕೊಟ್ಟ. ಶಾಲೆಯ ಓದು ಮುಗಿಯುವವರೆಗೆ ಅಕ್ಕ ತಮ್ಮನ ಊಟ ಬಟ್ಟೆ ಅರಮನೆಯದೆಂದ.

ಬೊಮ್ಮಕ್ಕ ತಮ್ಮನ ಕೆನ್ನೆ ಸವರಿದಳು. "ಬಾ, ಮನೆಗೆ ಹೋಗೋಣ. ನೀನು ಏನೂ ತಿಂದಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಚೌಡಾ, ಒಳಗೆ ಇನ್ನೂ ತುಂಬ ಜನ ಇದ್ದಾರೆ ಕಣೋ. ಯಾರೂ ಒಂದು ಮಾತು ಕೇಳಿಲ್ಲ ಅವರನ್ನ."

ಚೌಡ ಸೆರೆಮನೆಯ ಕಡೆ ತಿರುಗಿದ. ಸರಳಿನ ಹತ್ತಿರ ಹೋಗಿ ನೆಲದ ಮೇಲೆ ಕೂತು, ಮೂಲೆಯಲ್ಲಿ ಮುದುಡಿದ್ದ ಮುದುಕಿಯನ್ನು ಕೇಳಿದ:

"ಹೇಳಮ್ಮ, ಏನಾಯಿತು?"