ಪಂಡಿತರ ಮನೆಗೆ ಬಂದ ಕೆಂಪಿರುವೆ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಬಿಲ್ವಾಪುರ ಅಂತ ಒಂದು ರಾಜ್ಯ ಇತ್ತು. ದೊಡ್ಡದೇನಲ್ಲ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಗಡಿ ಸಿಕ್ಕಿಬಿಡುತ್ತಿತ್ತು. ಅದಕ್ಕೊಬ್ಬ ರಾಜ, ವೀರಭೋಜ. ಒಳ್ಳೆಯವನೇ. ಆದರೆ ಕೋಪ ಮಾತ್ರ ಮೂಗಿನ ತುದಿಯಲ್ಲೇ.

ಅರಮನೆಯ ತೋಟದಲ್ಲಿ ಒಂದು ಬಾವಿ. ಊರಿಗೆಲ್ಲ ಸಿಹಿನೀರು ಅಂದರೆ ಅದೊಂದೇ. ಬಾವಿಯ ಪಕ್ಕ ಒಂದು ಬಿಳಿ ದಾಸವಾಳದ ಗಿಡ. ರಾಜ ದಿನಾ ಬೆಳಿಗ್ಗೆ ತಾನೇ ಬಂದು ಪೂಜೆಗೆ ಹೂವು ಬಿಡಿಸುತ್ತಿದ್ದ. ತೋಟ ನೋಡಿಕೊಳ್ಳುತ್ತಿದ್ದವಳು ಬೋರವ್ವ ಅನ್ನೋ ಮುದುಕಿ.

ಒಂದು ದಿನ ರಾಜ ಹೂವಿಗೆ ಕೈ ಹಾಕಿದ, ಕೆಂಪಿರುವೆ ಕಚ್ಚಿತು. ಮಾರನೇ ದಿನ ಹತ್ತು ಕಚ್ಚಿದವು. ಮೂರನೇ ದಿನ ಗಿಡದ ಮೈತುಂಬ ಇರುವೆ, ಮೊಗ್ಗೆಲ್ಲ ನೆಲದ ಮೇಲೆ. ರಾಜ ಕೂಗಾಡಿದ.

ಅರಮನೆಯಲ್ಲಿ ಸೂರಪ್ಪ ಪಂಡಿತ ಅಂತ ಒಬ್ಬನಿದ್ದ. ಪುಡಿ ಅರೆಯೋದು ಅವನ ಕೆಲಸ. ರಾಜನ ಕೈಯಲ್ಲಿ ಶಾಲು ಹೊದೆಸಿಕೊಳ್ಳೋದು ಅವನ ಆಸೆ. "ಚಿಂತೆ ಬೇಡ ಪ್ರಭು, ನನ್ನ ಪುಡಿ ಇದೆ" ಅಂದ.

ಬಿಳಿ ಪುಡಿ ಹಾಕಿದ. ಇರುವೆ ಸತ್ತವು, ಜೊತೆಗೆ ಜೇನುಹುಳವೂ ಸತ್ತವು. ಪಂಡಿತನಿಗೆ ಒಂದು ಶಾಲು. ನಾಲ್ಕೇ ದಿನಕ್ಕೆ ಇರುವೆ ಮತ್ತೆ ಬಂದವು. ಕೆಂಪು ಪುಡಿ ಹಾಕಿದ. ಇರುವೆ ಸತ್ತವು, ಅವನ್ನು ತಿಂದ ಗುಬ್ಬಚ್ಚಿಗಳೂ ಸತ್ತವು. ಇನ್ನೊಂದು ಶಾಲು. ನಾಲ್ಕು ದಿನಕ್ಕೆ ಇರುವೆ ಮತ್ತೆ ಹಾಜರ್.

"ಈ ಸಲ ಕರೀ ಪುಡಿ ಪ್ರಭು. ಗಿಡದ ಬುಡ ಅಗೆದು ಆಳಕ್ಕೆ ತುಂಬಬೇಕು" ಅಂದ ಪಂಡಿತ.

ಬೋರವ್ವ ಅಡ್ಡ ಬಂದು ನಿಂತಳು. "ಬ್ಯಾಡಿ ಬುದ್ಧೀ! ಬುಡಕ್ಕೆ ತುಂಬಿದ್ದು ಬಾವಿಗೆ ಇಳೀತದೆ. ಊರಿನ ಮಕ್ಕಳುಮರಿ ಕುಡಿಯೋ ನೀರು ಅದು."

"ಹಾಗಾದರೆ ನೀನೇ ಓಡಿಸು! ಮೂರು ದಿನ ಕೊಟ್ಟಿದ್ದೀನಿ. ಆಗದಿದ್ದರೆ ಪುಡಿ ಬೀಳುತ್ತೆ, ನೀನು ಗಂಟುಮೂಟೆ ಕಟ್ಟು" ಅಂದ ರಾಜ.

ಬೋರವ್ವ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮೇಲೆ ಹತ್ತುತ್ತಿದ್ದ ಇರುವೆಯನ್ನು ಕೇಳಿದಳು: "ಅಲ್ಲೇನಯ್ಯಾ ನಿನ್ಗೆ ಕೆಲ್ಸ?"

"ಎಲೆ ಅಡಿ ನಮ್ಮ ಹಸು ಕಟ್ಟಿದ್ದೀವಜ್ಜಿ" ಅಂತು ಇರುವೆ.

ಬೋರವ್ವ ಎಲೆ ಮಗುಚಿ ನೋಡಿದಳು. ಹಸಿರು ಹೇನು ಕಿಕ್ಕಿರಿದಿದ್ದವು! ಅವು ಗಿಡದ ರಸ ಹೀರಿ ಸಿಹಿ ಅಂಟು ಸುರಿಸುತ್ತಿದ್ದವು, ಇರುವೆ ಅದನ್ನು ನೆಕ್ಕುತ್ತಿದ್ದವು. ಮೊಗ್ಗು ಉದುರಿದ್ದು ಅದಕ್ಕೇ. ಅಂಟುವಾಳದ ಕಾಯಿ ನೆನೆಸಿ, ಕಿವುಚಿ, ಆ ನೊರೆನೀರಿನಲ್ಲಿ ಎಲೆ ಎಲೆಯನ್ನೂ ಉಜ್ಜಿ ತೊಳೆದಳು. ಮೊದಲ ದಿನ ಅಷ್ಟಕ್ಕೇ ಸೊಂಟ ಬಿದ್ದುಹೋಯಿತು.

ಎರಡನೇ ದಿನ ನೋಡಿದರೆ ಗೋಡೆಗೆ ತಾಗಿದ ಒಂದು ಕೊಂಬೆಯ ಮೇಲೆ ಇರುವೆ ಸಾಲು. "ಇದು ನಮ್ಮ ಸೇತುವೆ" ಅಂದವು. ಬೋರವ್ವ ಕೊಂಬೆ ಕಡಿದಳು. ಒಲೆಯ ಬೂದಿ ಜರಡಿ ಹಿಡಿದು, ಬುಡದ ಸುತ್ತ ದಪ್ಪಗೆ ಗೆರೆ ಎಳೆದಳು. ಒಣ ಬೂದಿ ದಾಟೋದು ಇರುವೆಗೆ ಆಗದ ಮಾತು.

ಮೂರನೇ ದಿನ ಬೂದಿ ಒದ್ದೆಯಾಗಿತ್ತು. ಬುಡದಲ್ಲಿ ಮತ್ತೆ ಇರುವೆ! ಮುದುಕಿಗೆ ಅಳುವೇ ಬಂತು. "ಇನ್ನೂ ಯಾಕ್ ಬರ್ತೀರೋ?"

"ನಿಮ್ಮ ರಾಜನೇ ದಿನಾ ಊಟ ಹಾಕ್ತಾನಲ್ಲಜ್ಜಿ. ಬರದೇ ಇರೋಕೆ ನಮಗೇನು ಹುಚ್ಚಾ?"

ಹೌದು ಮಕ್ಕಳೇ. ತೀರ್ಥ ಕೊಟ್ಟು ಉಳಿದ ಪಂಚಾಮೃತವನ್ನು ರಾಜ ದಿನಾ ಆ ಬುಡಕ್ಕೇ ಸುರಿಯುತ್ತಿದ್ದ. ಹಾಲು, ಜೇನು, ಸಕ್ಕರೆ ಎಲ್ಲ! ಬೂದಿ ಒದ್ದೆಯಾಗಿದ್ದೂ ಅದಕ್ಕೇ. ದೇವರದ್ದು ಅಂತ ಬೋರವ್ವ ಕೈಮುಗಿದು ಸುಮ್ಮನಿದ್ದಳು. ಹಾಗೆ ಸುರಿದರೆ ಪುಣ್ಯ ಅಂತ ಹೇಳಿಕೊಟ್ಟವನು ಯಾರು? ಅದೇ ಸೂರಪ್ಪ ಪಂಡಿತ. ಇರುವೆ ಬಂದರೆ ತಾನೇ ಪುಡಿ ಬೇಕಾಗೋದು!

ಬೋರವ್ವ ರಾಜನ ಮುಂದೆ ನಿಂತಳು. ಪಂಡಿತನೂ ಅಲ್ಲೇ ಇದ್ದ.

"ಬುದ್ಧೀ, ಎಲೆ ಮ್ಯಾಲಿನ ಇರುವೆ ಹೋದೋ. ಬುಡದವು ಅವೆ. ಒಂದ್ ಮಾತು ನಡೆಸ್ಕೊಡಿ. ಪಂಚಾಮೃತದ ಪುಣ್ಯ ಅರಮನೆಗೊಂದಕ್ಕೇ ಯಾಕೆ? ಹೇಳಿಕೊಟ್ಟ ಪಂಡಿತರಿಗೂ ಸಿಗ್ಲಿ. ಮೂರು ದಿನ ಅವರ ಮನೆ ತುಳಸಿ ಬುಡಕ್ಕೆ ಆಕಿಸಿ. ಅಲ್ಲೀಗಂಟ ಪುಡಿ ತಡೀರಿ."

ಪಂಡಿತನ ಮುಖ ಹುಳ್ಳಗಾಯಿತು. ಬೇಡ ಅಂದರೆ ತಾನು ಹೇಳಿದ ಪುಣ್ಯ ಸುಳ್ಳಾಗುತ್ತೆ. "ಆಗಲಿ, ನನ್ನ ಭಾಗ್ಯ" ಅಂತ ಹಲ್ಲು ಕಿರಿದ. ರಾಜನೂ ಒಪ್ಪಿದ.

ಮೊದಲ ದಿನ ಇರುವೆ ತುಳಸಿ ಬುಡಕ್ಕೆ ಬಂದವು. ಎರಡನೇ ದಿನ ಅಡುಗೆಮನೆಯ ಬೆಲ್ಲದ ಮಡಕೆಗೆ ಬಂದವು. ಮೂರನೇ ದಿನ ತೊಟ್ಟಿಲಿಗೇ ಬಂದವು, ಮೊಮ್ಮಗು ಕಿರುಚಿಕೊಂಡಿತು. ಇತ್ತ ದಾಸವಾಳದಲ್ಲಿ ಹುಡುಕಿದರೂ ಒಂದು ಇರುವೆ ಇಲ್ಲ.

ಸುದ್ದಿ ಕೇಳಿದ ರಾಜ ಕರೀ ಪುಡಿಯ ಚೀಲ ಹೊರಿಸಿಕೊಂಡು, ಬೋರವ್ವನನ್ನೂ ಕರೆದುಕೊಂಡು ಪಂಡಿತನ ಮನೆಗೆ ಬಂದ. ಪಂಡಿತನ ಹೆಂಡತಿ ಇರುವೆ ಬಾರದಿರಲಿ ಅಂತ ಹೊಸಿಲಿಗೆ ಅರಿಶಿನದ ಗೆರೆ ಎಳೆಯುತ್ತಿದ್ದಳು.

"ಅರಿಶಿನ ಯಾಕಮ್ಮ? ಪುಡಿ ತಂದಿದ್ದೀನಿ. ಸುರೀರೋ ತುಳಸಿ ಬುಡಕ್ಕೆ" ಅಂದ ರಾಜ.

ಪಂಡಿತ ಓಡಿಬಂದು ಚೀಲ ತಬ್ಬಿಕೊಂಡ. "ಬೇಡಿ ಪ್ರಭು, ಕಾಲಿಗೆ ಬೀಳ್ತೀನಿ! ಮಗು ಅಂಬೆಗಾಲಿಡುತ್ತೆ, ಮಣ್ಣು ಬಾಯಿಗೆ ಹಾಕ್ಕೊಳ್ಳುತ್ತೆ. ವಿಷ ಇದು, ವಿಷ!"

ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಏನು ಪ್ರಯೋಜನ?

ಬೋರವ್ವ ಮೆಲ್ಲಗೆ ಕೇಳಿದಳು: "ಊರಿನ ಮಕ್ಕಳು ಬಾವಿ ನೀರು ಬಾಯಿಗೆ ಹಾಕ್ಕೊಳ್ಳಲ್ವಾ ಪಂಡಿತರೇ?"

ಪಂಡಿತ ಚೀಲದ ಹಿಂದೆ ಮುಖ ಮುಚ್ಚಿಕೊಂಡ. ರಾಜನಿಗೂ ನಾಚಿಕೆಯಾಯಿತು. ತಿಳಿಯದೆ ಇರುವೆಗೆ ಊಟ ಹಾಕಿದವನು ತಾನೇ ಅಲ್ಲವೇ? ಅದನ್ನು ಎಲ್ಲರ ಮುಂದೆ ಒಪ್ಪಿಕೊಂಡ. ಪಂಡಿತನ ಶಾಲು ಕಿತ್ತುಕೊಂಡ, ಅರೆಯೋ ಕಲ್ಲನ್ನೂ ಕಿತ್ತುಕೊಂಡ. ದಿನಾ ಅರಮನೆಯ ಒಲೆಯ ಬೂದಿ ತಲೆ ಮೇಲೆ ಹೊತ್ತು ಬೋರವ್ವನ ತೋಟಕ್ಕೆ ತಂದುಹಾಕು ಅಂತ ಅಪ್ಪಣೆ ಮಾಡಿದ. ಮಳೆ ಬಂದರೆ ಬೂದಿ ಕೊಚ್ಚಿಹೋಗುತ್ತೆ, ಮತ್ತೆ ಹೊರಬೇಕು. ಹೊರಲಿ ಬಿಡಿ.

ನೆನಪಿಟ್ಟುಕೊಳ್ಳಿ ಮಕ್ಕಳೇ. ಇರುವೆ ಬಂದರೆ ಕೊಲ್ಲೋಕೆ ಮುಂಚೆ, ಯಾಕೆ ಬಂತು ಅಂತ ನೋಡಿ. ನಮ್ಮ ತೊಟ್ಟಿಲ ಪಕ್ಕ ಇಡಲಾರದ್ದನ್ನು ಇನ್ನೊಬ್ಬರು ಕುಡಿಯೋ ನೀರಿನ ಪಕ್ಕ ಇಡಬಾರದು.